ಗದ್ವಾಲದ ಅಸಲಿ ಪ್ಲೇಟು

ಎಲ್ಲ ಶುರುವಾದದ್ದು ಅಂಗೈಯಗಲದ ಒಂದು ಬಿಳಿ ಚೀಟಿಯಿಂದ.

ನಾರಾಯಣಪೇಟೆಯ ನೇಕಾರರ ಓಣಿಯ ಮೊದಲಲ್ಲೇ ಶಿವಕಾಂತನ ಸೀರೆ ಅಂಗಡಿ. ಬಾಗಿಲ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ‘ಇಲ್ಲಿ ಅಸಲಿ ಕೈಮಗ್ಗದ ಸೀರೆ ಮಾತ್ರ’ ಎಂದು ಬರೆಸಿದ್ದ. ಬಂದ ಹೆಣ್ಣುಮಕ್ಕಳಿಗೆ ಸೀರೆಯ ಮುಖಕ್ಕಿಂತ ಮೊದಲು ಅದರ ಬೆನ್ನು ತೋರಿಸುತ್ತಿದ್ದ. ಪವರ್‌ಲೂಮಿನ ಸೀರೆ ಮುಂದಿನಿಂದ ನಗುತ್ತದೆ, ತಿರುಗಿಸಿದರೆ ಮುಖ ಮರೆಸಿಕೊಳ್ಳುತ್ತದೆ ಎನ್ನುವುದು ಅವನ ನಿತ್ಯದ ಪ್ರವಚನ. ಮಠದ ಪ್ರವಚನದಿಂದ ತಪ್ಪಿಸಿಕೊಂಡವರೂ ಇದರಿಂದ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ.

ಅವನಿಗೆ ಇನ್ನೊಂದು ಭಕ್ತಿಯೂ ಇತ್ತು. ಎರಡು ವರ್ಷದ ಹಿಂದೆ ಹೈದರಾಬಾದಿಗೆ ಸೀರೆಯ ಗಂಟು ಮುಟ್ಟಿಸಲು ಹೋದವನು ಗ್ರಾಮಫೋನ್ ಪ್ಲೇಟು ಬಾರಿಸುವ ಪೆಟ್ಟಿಗೆಯೊಂದನ್ನೂ ಒಂದು ಪ್ಲೇಟನ್ನೂ ಕೊಂಡು ತಂದಿದ್ದ. ಮೂವರು ಜರ್ಮನರು ಎಪ್ಪತ್ತರ ದಶಕದಲ್ಲಿ ಬರೀ ಎಲೆಕ್ಟ್ರಾನಿಕ್ ಯಂತ್ರಗಳಿಂದ ನುಡಿಸಿದ ಸಂಗೀತ ಅದು. ಹಾಡುವ ಬಾಯಿಲ್ಲ, ತಬಲದ ಚರ್ಮವಿಲ್ಲ, ವೀಣೆಯ ತಂತಿಯಿಲ್ಲ. ಖಟ್ ಖಟಾ, ಖಟ್ ಖಟಾ ಎಂದು ಒಂದೇ ಲಯ. ಅದರ ಮೇಲೆ ತಣ್ಣಗೆ ತೇಲುವ ಒಂದು ದನಿ. ಮೊದಲ ಸಲ ಸೂಜಿ ಇಟ್ಟಾಗ ಶಿವಕಾಂತ ಎದ್ದು ನಿಂತುಬಿಟ್ಟಿದ್ದ. ತೀರಿಹೋದ ಅವನ ಅಪ್ಪನ ಮಗ್ಗ ಬೆಳಗಿನ ಜಾವ ಹೀಗೇ ನುಡಿಯುತ್ತಿತ್ತು. ಅಂದಿನಿಂದ ದಿನವೂ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಅಂಗಡಿ ತೆರೆದು, ಆ ಪ್ಲೇಟು ಹಾಕಿ ಕಣ್ಣು ಮುಚ್ಚಿ ಕೂರುವನು. ಓಣಿಯವರು ಅದನ್ನು ಮಗ್ಗದ ಪ್ಲೇಟು ಎಂದೇ ಕರೆಯುತ್ತಿದ್ದರು.

ಆ ಬೇಸಿಗೆಯಲ್ಲಿ ಊರಿನ ಬ್ಯಾಂಕಿಗೆ ಗುರುಪ್ರಸಾದ ಎಂಬ ಹೊಸ ಗುಮಾಸ್ತ ವರ್ಗವಾಗಿ ಬಂದ. ಹೆಂಡತಿಗೆ ಸೀರೆ ಕೊಳ್ಳಲು ಅಂಗಡಿಗೆ ಬಂದವನು ಸೀರೆ ಬಿಟ್ಟು ಪ್ಲೇಟಿನ ಮೇಲೆ ಬಾಗಿದ. ಅವನಿಗೂ ಇದೇ ಹುಚ್ಚು. ಪ್ಲೇಟನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ವೈದ್ಯರು ಎಕ್ಸ್‌ರೇ ನೋಡುವ ಹಾಗೆ ನೋಡಿ, ಹೇಳಬಾರದ ಸುದ್ದಿ ಹೇಳುವ ದನಿಯಲ್ಲಿ ಹೇಳಿದ.

“ಇದು ಅಸಲಿ ಅಲ್ರೀ. ಈಗ ಮೂರು ವರ್ಷದ ಹಿಂದ ಮತ್ತ ಅಚ್ಚು ಹಾಕಿ ಬಿಟ್ಟಿದ್ದು. ಇದಕ್ಕ ನಡುವ ಬಿಳಿ ಚೀಟಿ ಐತಿ ನೋಡ್ರಿ. ಮೊದಲನೇ ಅಚ್ಚಿಂದಕ್ಕ ನೀಲಿ ಚೀಟಿ ಇರ್ತೈತಿ.”

ಸಂಗೀತವೇನೋ ಅದೇ ಎಂದು ಅವನೇ ಸಮಾಧಾನವನ್ನೂ ಹೇಳಿದ. ಆದರೆ ಮೊದಲನೆಯ ಅಚ್ಚು ಆ ಮೂವರು ಎದುರು ನಿಂತು ಕಿವಿಯಿಟ್ಟು ಒಪ್ಪಿದ್ದು, ಈಗಿನದು ಯಾರೋ ಕಂಪ್ಯೂಟರಿನಿಂದ ಇಳಿಸಿ ಒತ್ತಿದ್ದು, ದನಿಯ ಬೆನ್ನು ತಿರುಗಿಸಿ ನೋಡಬಲ್ಲವರಿಗೆ ಗೊತ್ತಾಗುತ್ತದೆ ಎಂದೂ ಸೇರಿಸಿದ. ಸೀರೆ ಕೊಳ್ಳದೆ ಹೋದ.

ಅಷ್ಟು ಸಾಕಾಯಿತು. ಪಕ್ಕದಲ್ಲಿ ಮಿರ್ಚಿ ಭಜಿ ಕರಿಯುವ ಆಶಮ್ಮನ ಕಿವಿಗೆ ಬಿದ್ದ ಮಾತು ಎಣ್ಣೆಗೆ ಬಿದ್ದ ಹಿಟ್ಟಿನಂತೆ ಉಬ್ಬಿ ಮೇಲೆದ್ದಿತು. ಸಂಜೆಯೊಳಗೆ ಓಣಿಯೆಲ್ಲ ಅದೇ ಸುದ್ದಿ. ಮರುದಿನ ಅವಳೇ ಭಜಿ ಎತ್ತುವ ಜಾರೆ ಸೌಟು ಹಿಡಿದು ಅಂಗಡಿಯ ಮೆಟ್ಟಿಲಿಗೆ ಬಂದಳು.

“ಎರಡು ವರ್ಷ ದಿನಾ ಬೆಳಿಗ್ಗೆ ಪೂಜಿ ಮಾಡಿದ ಪ್ಲೇಟೇ ನಕಲಿ ಅಂತಲ್ಲೋ ಶಿವಕಾಂತಾ. ನಿನ್ನ ಸೀರಿ ಹೆಂಗ ನಂಬೂದಪ್ಪ ಇನ್ನ?”

ನಕಲಿಯಲ್ಲ, ಎರಡನೆಯ ಅಚ್ಚು ಎಂದು ಅವನು ವಿವರಿಸಿದ. ಹಾಗಾದರೆ ಪವರ್‌ಲೂಮಿನದೂ ಎರಡನೆಯ ಅಚ್ಚೇ ಅಲ್ಲವೇ ಎಂದು ಕೇಳಿ ಆಕೆ ಹೋದಳು. ಶಿವಕಾಂತನ ಪ್ರವಚನ ಆ ದಿನದಿಂದ ನಿಂತಿತು. ಸೀರೆಯ ಬೆನ್ನು ತಿರುಗಿಸಲು ಹೋದವನು ಹಾಗೇ ಮಡಚಿಡುತ್ತಿದ್ದ. ಪ್ಲೇಟು ಹಾಕಿದರೆ ಅಪ್ಪನ ಮಗ್ಗ ಕೇಳಿಸದೆ, ಅಪ್ಪನ ವೇಷ ಹಾಕಿದ ಯಾರೋ ಕೂತು ನೇಯುತ್ತಿರುವಂತೆ ಅನ್ನಿಸುತ್ತಿತ್ತು. ನೀಲಿ ಚೀಟಿಯ ಪ್ಲೇಟು ಸಿಗುವವರೆಗೆ ತನಗೆ ಊಟವೂ ರುಚಿಸದು, ವ್ಯಾಪಾರವೂ ನಡೆಯದು ಎಂದು ಅವನಿಗೆ ಖಾತ್ರಿಯಾಯಿತು.

ಅವನಿಗೆ ಸೀರೆ ನೇಯ್ದು ಕೊಡುವ ಎಲ್ಲಪ್ಪನಿಗೆ ಇದನ್ನು ನೋಡಲಾಗಲಿಲ್ಲ. ಗದ್ವಾಲದಲ್ಲಿ ತನ್ನ ಅಕ್ಕ ಗುರಮ್ಮ ಇದ್ದಾಳೆ, ಅವಳ ಗಂಡ ದೇವೇಂದ್ರಪ್ಪ ರೇಡಿಯೋ ರಿಪೇರಿಯವನು, ಯಾರೋ ರಿಪೇರಿಗೆ ಬಿಟ್ಟು ಮರಳಿ ಬಾರದ ಪೆಟ್ಟಿಗೆಯಲ್ಲಿ ಇಂಥದೇ ಖಟ್ ಖಟಾ ಪ್ಲೇಟು ಇದೆ, ನಡುವೆ ನೀಲಿ ಚೀಟಿ ಇದ್ದ ನೆನಪು ಎಂದ. ಅಲ್ಲೇ ನಿಂತು ಫೋನು ಹಚ್ಚಿದ. ದೇವೇಂದ್ರಪ್ಪ ಪ್ಲೇಟು ತೆಗೆದು ನೋಡಿ, ಹೌದು, ನೀಲಿಯೇ ಎಂದ. ಫೋನು ಗುರಮ್ಮನ ಕೈಗೆ ಹೋಯಿತು. ದುಡ್ಡಿಗೆ ಕೊಡುವುದಿಲ್ಲ, ತವರು ಓಣಿಯ ಕೈಮಗ್ಗದ ಸೀರೆ ಉಟ್ಟು ಹತ್ತು ವರ್ಷವಾಯಿತು, ಅದೊಂದು ತಂದರೆ ಪ್ಲೇಟು ಅವನದು ಎಂದಳು. ಎಲ್ಲಪ್ಪ ಖುಷಿಯಿಂದ ಒಂದು ಮಾತು ಹೆಚ್ಚಿಗೆ ಆಡಿದ.

“ಬರೂದು ಗಿರಾಕಿ ಅಂತ ತಿಳೀಬ್ಯಾಡಕ್ಕಾ. ನನ್ನ ಹಂಗ ಅವನೂ ನಿನಗ ತಮ್ಮನೇ.”

ವಾರ ಬಿಟ್ಟು, ಜೂನ್ ಎರಡನೆಯ ತಾರೀಖು, ಹೈದರಾಬಾದಿನ ಸೀಮೆ ಬೇರೆಯಾಗಿ ಹೊಸ ರಾಜ್ಯ ಹುಟ್ಟುವ ದಿನ, ಅಂಗಡಿಗಳೆಲ್ಲ ಮುಚ್ಚುತ್ತವೆಂದು ಶಿವಕಾಂತ ಹೊರಟ. ಕೈಚೀಲದಲ್ಲಿ ಎಲ್ಲಪ್ಪ ನೇಯ್ದ ಸೀರೆ: ಎಲೆಹಸಿರು ಮೈ, ಸಣ್ಣ ಚೌಕಡಿ, ಗೋಪುರ ಸಾಲಿನ ಗುಡಿಯಂಚು. ಅಷ್ಟು ಚೆಂದದ್ದು ಆ ವರ್ಷ ಮಗ್ಗದಿಂದ ಇನ್ನೊಂದು ಇಳಿದಿರಲಿಲ್ಲ.

ಬಸ್ಸಿನಲ್ಲಿ ಪಕ್ಕಕ್ಕೆ ಉಟ್ಕೂರಿನ ಕುರುಮಮ್ಮ ಎಂಬ ಮುದುಕಿ ಕೂತಳು. ಸೊಂಟದಲ್ಲಿ ಬೀರಪ್ಪ ದೇವರ ಅರಿಶಿಣದ ಭಂಡಾರದ ಚೀಲ, ಬಾಯಲ್ಲಿ ಎಲೆಯಡಿಕೆ. ಚೀಲದಲ್ಲಿ ಏನಿದೆ ಎಂದು ಕೇಳಿದಳು. ಸೀರೆ ಎಂದ. ಯಾರಿಗೆ ಎಂದಳು. ಅಕ್ಕನಿಗೆ ಎಂದ, ಬೇರೆ ಏನು ಹೇಳಿದರೂ ಜರ್ಮನಿಯವರೆಗೆ ವಿವರಿಸಬೇಕಾಗಿತ್ತು. ತೋರಿಸು ಎಂದಳು. ತೋರಿಸದಿದ್ದರೆ ಅಕ್ಕನ ಸೀರೆಗೆ ದೃಷ್ಟಿಯಾದೀತೆಂದು ಹೆದರುವ ಜಿಪುಣನೆಂದು ಬಸ್ಸೆಲ್ಲ ತಿಳಿಯುತ್ತದೆ. ತೋರಿಸಿದ.

ಸೀರೆ ಕುರುಮಮ್ಮನ ಕೈಯಿಂದ ಹಿಂದಿನ ಸೀಟಿಗೆ, ಅಲ್ಲಿಂದ ಅದರ ಹಿಂದಿನ ಸೀಟಿಗೆ ಜಾತ್ರೆಗೆ ಹೊರಟ ಹುಡುಗಿಯಂತೆ ಹೋಯಿತು. ಪ್ರತಿಯೊಬ್ಬಳೂ ಅಂಚು ಸವರಿ ಒಂದು ಅಭಿಪ್ರಾಯ ಕೊಟ್ಟಳು. ಇದು ಪವರ್‌ಲೂಮಿನದು ಎಂದು ಒಬ್ಬಳು ಅಂದದ್ದೇ ತಡ, ಶಿವಕಾಂತನೊಳಗೆ ವಾರಗಟ್ಟಲೆ ಕಟ್ಟಿಕೊಂಡಿದ್ದ ಪ್ರವಚನ ಕಟ್ಟೆಯೊಡೆಯಿತು. ಎದ್ದು ನಿಂತು, ಬೆನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿರೆಂದ. ಕುರುಮಮ್ಮ ಅವನ ಮಾತಿಗೆ ಮರ್ಯಾದೆ ಕೊಟ್ಟು ಸೀರೆಯನ್ನು ಬಿಚ್ಚಿ ಕಿಟಕಿಗೆ ಅಡ್ಡಲಾಗಿ ಹಿಡಿದಳು.

ಅಷ್ಟರಲ್ಲಿ ಬಸ್ಸು ಮಖ್ತಲ್ ಹೊಕ್ಕಿತು. ಬೀದಿ ತುಂಬ ಮೆರವಣಿಗೆ, ಡೋಲು, ಕುಣಿತ. ಹೊಸ ರಾಜ್ಯದ ಸಂತೋಷ ಬಸ್ಸಿನಲ್ಲಿದ್ದವರಿಗೂ ಮುಟ್ಟಲೆಂದು ಒಬ್ಬ ಎರಡೂ ಕೈ ತುಂಬ ಗುಲಾಲು ತುಂಬಿ ಕಿಟಕಿಗೆ ಎರಚಿದ. ಕುರುಮಮ್ಮನಿಗೆ ಒಂದು ಚಿಟಿಕೆಯೂ ತಾಗಲಿಲ್ಲ. ಎಲ್ಲವನ್ನೂ ಸೀರೆ ತಡೆದುಕೊಂಡಿತ್ತು.

ಶಿವಕಾಂತ ಬಸ್ಸಿನಿಂದ ಹೇಗೆ ಇಳಿದನೋ ಶಿವನೇ ಬಲ್ಲ. ಕುರುಮಮ್ಮನೂ ಇಳಿದಳು, ತಪ್ಪು ತನ್ನ ಕೈಯಲ್ಲಿ ಆದದ್ದೆಂದು ಆಕೆಗೆ ಸಂಕಟ. ಕಡಲೆಹಿಟ್ಟು ತಿಕ್ಕಿದರೆ ಹೋಗುತ್ತದೆ ಎಂದು ಚಹಾದ ಅಂಗಡಿಯವನು ಹಿಟ್ಟು ಕೊಟ್ಟ. ನೀರು ಸೇರಿಸಬೇಕು ಎಂದು ಇನ್ನೊಬ್ಬ ಸೇರಿಸಿದ. ಕೊಡವಿದ್ದರೆ ಹೋಗುತ್ತಿತ್ತು, ನೀರು ಯಾಕೆ ಹಾಕಿದಿರಿ ಎಂದು ಮೂರನೆಯವನು ಬೈದ. ಎಲ್ಲರ ಪ್ರೀತಿಯೂ ಸೇರಿ, ಅಂಗೈಯಷ್ಟಿದ್ದ ಗುಲಾಬಿ ಕಲೆ ಹಿಟ್ಟು ನಾದುವ ಪರಾತದಷ್ಟಾಯಿತು. ಈ ನಡುವೆ ಬಸ್ಸು ಹೋಗಿಬಿಟ್ಟಿತ್ತು.

ಎದುರಿಗೇ ಪರಿಚಯದ ಸೀರೆ ವ್ಯಾಪಾರಿಯ ಅಂಗಡಿ. ಹಬ್ಬದ ದಿನವೆಂದು ಅರ್ಧ ಬಾಗಿಲು ತೆರೆದಿದ್ದ. ಅವನು ಸಂಗತಿ ಕೇಳಿ, ನಕ್ಕು, ಒಳಗಿನಿಂದ ಒಂದು ಸೀರೆ ತಂದು ಹಾಸಿದ. ಅದೇ ಎಲೆಹಸಿರು, ಅದೇ ಚೌಕಡಿ, ಅದೇ ಗುಡಿಯಂಚು. ಪವರ್‌ಲೂಮು. ಒಯ್ಯಿ, ಎವರಿಕಿ ತೆಲುಸ್ತದಿ, ಯಾರಿಗೆ ಗೊತ್ತಾಗುತ್ತದೆ ಎಂದ. ಶಿವಕಾಂತ ಅದನ್ನು ಕೈಗೆತ್ತಿಕೊಂಡ. ಹಗುರವಾಗಿತ್ತು, ಚೊಕ್ಕಟವಾಗಿತ್ತು. ರೇಡಿಯೋ ರಿಪೇರಿಯವನ ಮನೆಯಲ್ಲಿ ಸೀರೆಯ ಬೆನ್ನು ಯಾರು ನೋಡುತ್ತಾರೆ. ನೀಲಿ ಚೀಟಿ ಕಣ್ಣ ಮುಂದೆ ಚಕ್ರದ ಹಾಗೆ ತಿರುಗಿತು. ಆಮೇಲೆ ಅದನ್ನು ಮಡಚಿ, ಮಡಿಕೆ ಸರಿಮಾಡಿ, ಮೆಲ್ಲಗೆ ಹಲಗೆಯ ಮೇಲಿಟ್ಟ.

“ಬ್ಯಾಡಣ್ಣ. ಅಸಲಿ ತರಾಕ ಹೊಂಟಾವ ನಕಲಿ ಒಯ್ದರ, ತಂದಿದ್ದು ಅಂಗಡ್ಯಾಗ ನುಡಿಯಂಗಿಲ್ಲ.”

ಬಾಗಿಲಲ್ಲಿ ನಿಂತಿದ್ದ ಕುರುಮಮ್ಮನಿಗೆ ಮಾತು ಅರ್ಧ ತಿಳಿಯಿತು, ಮನಸ್ಸು ಪೂರಾ ತಿಳಿಯಿತು. ಚೀಲದಿಂದ ಬೀರಪ್ಪನ ಭಂಡಾರ ತೆಗೆದು, ಕಲೆಯ ಪಕ್ಕಕ್ಕೇ ಅರಿಶಿಣದ ದೊಡ್ಡ ಬೊಟ್ಟೊಂದನ್ನು ಒತ್ತಿದಳು. “ಈಗ ಇದು ಕಲಿ ಅಲ್ಲಪ್ಪ, ಪ್ರಸಾದ. ಅಂಜಬ್ಯಾಡ ಹೋಗು,” ಎಂದಳು. ಸೀರೆಯ ಮೇಲೆ ಈಗ ಎರಡು ಬಣ್ಣ.

ಗದ್ವಾಲಕ್ಕೆ ಹೋಗುವ ಆಟೋದಲ್ಲಿ ಹನ್ನೊಂದು ಜನ, ಎರಡು ಕುರಿ. ಒಂದು ಕುರಿ ದಾರಿಯುದ್ದಕ್ಕೂ ಸೀರೆಯ ಹಸಿರನ್ನು ಮೇವಿನ ಕಣ್ಣಿನಿಂದ ನೋಡುತ್ತಿತ್ತು. ಶಿವಕಾಂತ ಚೀಲವನ್ನು ತಲೆಯ ಮೇಲೆ ಹೊತ್ತು, ಕೃಷ್ಣೆಯನ್ನು ದಾಟುವಾಗ ಹೊಳೆಗೆ ಕೈಮುಗಿಯಲೂ ಕೈ ಸಾಲದೆ ಕಣ್ಣಲ್ಲೇ ಮುಗಿದ.

ದೇವೇಂದ್ರಪ್ಪನ ಮನೆ ಮುಟ್ಟುವಾಗ ಹೊತ್ತು ಇಳಿದಿತ್ತು. ಬಾಗಿಲು ತೆರೆದ ದೇವೇಂದ್ರಪ್ಪ ಯಾಕೋ ಅವನ ಮುಖ ನೋಡಲಿಲ್ಲ. ಬಾ ಎಂದವನೇ ಮೂಲೆಯ ಕುರ್ಚಿಯಲ್ಲಿ, ಕರೆಂಟು ಹೋದ ರೇಡಿಯೋದಂತೆ ಕೂತುಬಿಟ್ಟ. ಗುರಮ್ಮ ಮಾತ್ರ ಕಾಲಿಗೆ ನೀರು ಕೊಟ್ಟು, ತಮ್ಮಾ ಎಂದು ಕರೆದು, ಕಂಬಳಿ ಹಾಸಿದಳು. ಶಿವಕಾಂತ ಚೀಲ ಮುಂದಿಟ್ಟು, ಕೇಳುವ ಮೊದಲೇ ಎಲ್ಲ ಒಪ್ಪಿಕೊಂಡ. ದಾರಿಯಲ್ಲಿ ಗುಲಾಲು ಬಿತ್ತು, ತಿಕ್ಕಿ ಕೆಡಿಸಿದೆವು, ಒಲ್ಲದಿದ್ದರೆ ಮುಂದಿನ ತಿಂಗಳು ಬೇರೆ ತರುತ್ತೇನೆ, ಪ್ಲೇಟು ಅಲ್ಲಿಯವರೆಗೆ ಇಲ್ಲೇ ಇರಲಿ ಎಂದ.

ಗುರಮ್ಮ ಸೀರೆ ಬಿಚ್ಚಿದಳು. ಮೊದಲು ಬೆನ್ನು ತಿರುಗಿಸಿ ನೋಡಿದಳು, ನೇಕಾರರ ಮಗಳು. ಬೆರಳು ಅಂಚಿನ ಮೇಲೆ ನಿಂತಿತು.

“ನಮ್ಮ ಎಲ್ಲಪ್ಪನ ಕೈ. ಹೌದಿಲ್ಲೋ?”

ಹೌದೆಂದ. ಆಮೇಲೆ ಆಕೆ ಕಲೆಯನ್ನು ನೋಡಿ, ಗುಲಾಲಿನ ಮಾತು ಅವನ ಸಂಕೋಚವೆಂದೇ ತಿಳಿದು, ಕಣ್ಣಿಗೆ ಒತ್ತಿಕೊಂಡಳು. ಹೊಸ ಸೀರೆಗೆ ಅರಿಶಿಣ ಕುಂಕುಮ ಹಚ್ಚಿ ಕೊಡುವುದು ತವರಿನ ಪದ್ಧತಿ. ಈಗಿನ ಕಾಲದವರು ಮೂಲೆಗೆ ಸಾಸಿವೆಯಷ್ಟು ಮುಟ್ಟಿಸುತ್ತಾರೆ, ಇವನು ಕೈತುಂಬ ಹಚ್ಚಿ ತಂದಿದ್ದಾನೆ, ಒಡಹುಟ್ಟಿದವನಿಗೂ ಇಷ್ಟು ಬುದ್ಧಿ ಇಲ್ಲ ಎಂದು ಕಣ್ಣೀರು ಒರೆಸಿಕೊಂಡಳು. ಶಿವಕಾಂತನ ಎದೆಯಿಂದ ದಿನವಿಡೀ ಹೊತ್ತ ಕಲ್ಲೊಂದು ಇಳಿಯಿತು. ಕುರುಮಮ್ಮನಿಗೂ ಬೀರಪ್ಪನಿಗೂ ಮನಸ್ಸಿನಲ್ಲೇ ನಮಸ್ಕಾರ ಹೇಳಿದ. ದೇವೇಂದ್ರಪ್ಪ ಮಾತ್ರ ಮೂಲೆಯಲ್ಲಿ ಇನ್ನಷ್ಟು ಕುಗ್ಗಿದ.

ಗುರಮ್ಮ ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಕೊಬ್ಬರಿ ಬಟ್ಟಲು, ಎಲೆಯಡಿಕೆ, ಅವುಗಳ ಮೇಲೆ ಚೌಕನೆಯದೊಂದು ಲಕೋಟೆ ಇಟ್ಟು ತಂದಳು. ಲಕೋಟೆ ಫಳಫಳ ಹೊಳೆಯುತ್ತಿತ್ತು. ಮೇಲೆ ಪ್ಲಾಸ್ಟಿಕ್ಕಿನ ಹಾಳೆ ಇನ್ನೂ ಹರಿದಿರಲಿಲ್ಲ. ಶಿವಕಾಂತನ ಕೈ ಅರ್ಧ ದಾರಿಯಲ್ಲೇ ನಿಂತಿತು.

“ಇದು… ಹೊಸಾದ ಐತೆಲ್ಲಕ್ಕಾ.”

“ಹೊಸಾದೇ ಮತ್ತ. ತವರಿಂದ ಸೀರಿ ತಂದ ತಮ್ಮಗ ಬಳಸಿದ್ದು ಕೊಟ್ಟು ಕಳಸ್ತಾರೇನು? ನನಗ ಚಲೋ ಕಾಣಸ್ತೈತೇನು ಅದು? ಆ ಹಳೇದು ಚರಚರ ಅಂತಿತ್ತು, ಗೀರು ಬಿದ್ದಿತ್ತು. ಹೈದರಾಬಾದಿನಾಗ ನಮ್ಮ ಅಳಿಯ ಶೇಖರ್ ಅದಾನ, ಅವನಿಗೆ ಫೋಟೊ ಕಳಿಸಿ ತರಿಸೀನಿ. ಮೂರು ದಿನ ಹುಡುಕ್ಯಾನ ಪಾಪ. ಅದ ಹಾಡು, ಅದ ಮಂದಿ. ಯಾರೂ ಮುಟ್ಟಿಲ್ಲ.”

ಹಾಳೆಯ ಮೂಲಕವೇ ಗೊತ್ತಾಗುತ್ತಿತ್ತು. ತನ್ನ ಅಂಗಡಿಯಲ್ಲಿರುವುದರ ಅವಳಿ ಜವಳಿ. ಎರಡನೆಯ ಅಚ್ಚಿನ ಎರಡನೆಯ ಪ್ರತಿ. ಶಿವಕಾಂತ ತುಟಿ ಒದ್ದೆ ಮಾಡಿಕೊಂಡು, ಆ ಹಳೆಯದು ಎಲ್ಲಿದೆ, ಅದೂ ಇದ್ದರೆ ಇರಲಿ, ತನಗೆ ಹಳೆಯದೂ ಆದೀತು ಎಂದು ಆದಷ್ಟು ಮೆತ್ತಗೆ ಕೇಳಿದ.

ಗುರಮ್ಮ ಆಗಷ್ಟೇ ಚಹಾ ಸೋಸುತ್ತಿದ್ದಳು. ಕೈಯಲ್ಲಿದ್ದ ಸ್ಟೀಲಿನ ಜರಡಿಯನ್ನು ಮೇಲೆತ್ತಿ ತೋರಿಸಿದಳು. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲು ಸಾಮಾನು ಕೊಡುವಾಕೆ ನಾಲ್ಕು ದಿನದ ಹಿಂದೆ ಬಂದಿದ್ದಳು. ಎರಡು ಹಳೆ ಸೀರೆಗೆ ಜರಡಿ ಕೊಡಲು ಒಪ್ಪಲಿಲ್ಲ, ಪ್ಲೇಟನ್ನೂ ಹಾಕಿದ ಮೇಲೆ ಒಪ್ಪಿದಳು.

ದೇವೇಂದ್ರಪ್ಪ ಮೊದಲ ಬಾರಿಗೆ ಬಾಯಿ ತೆರೆದ. ತಾನು ಆವತ್ತು ಅಂಗಡಿಯಲ್ಲಿದ್ದೆ, ಸುದ್ದಿ ತಿಳಿದ ಮೇಲೆ ಸೈಕಲ್ ಹತ್ತಿ ಅಲಂಪುರದವರೆಗೆ ಆಕೆಯ ಹಿಂದೆ ಹೋದೆ, ಅಷ್ಟರಲ್ಲಿ ಗುಜರಿಯವರ ಲಾರಿಯಲ್ಲಿ ಕರಗಿಸಲು ಕರ್ನೂಲಿಗೆ ಹೋಗಿತ್ತು ಎಂದು ಪಿಸುಗುಟ್ಟಿದ. ಮೂವತ್ತು ವರ್ಷ ತಾನೂ ದಿನಾ ಅದನ್ನು ಕೇಳುತ್ತಿದ್ದೆ ಎಂದ. ಇಬ್ಬರು ಗಂಡಸರೂ ಒಂದು ಗಳಿಗೆ, ಸಾವಿನ ಮನೆಯಲ್ಲಿ ಕೂತವರಂತೆ, ಆ ಜರಡಿಯನ್ನೇ ನೋಡಿದರು.

ಬೈಯೋಣವೆಂದರೆ ಎದುರಿಗೆ ಗುರಮ್ಮ ಕಲೆಬಿದ್ದ ಸೀರೆಯನ್ನು ಹೆಗಲ ಮೇಲೆ ಹೊದ್ದು, ಕನ್ನಡಿಯಲ್ಲಿ ನೋಡಿಕೊಂಡು, ಮದುವೆಯ ದಿನದವಳಂತೆ ನಿಂತಿದ್ದಳು. ಶಿವಕಾಂತ ಚಹಾ ಕುಡಿದ. ಹೊಸ ಜರಡಿಯ ದಯೆಯಿಂದ ಚಹಾಪುಡಿಯ ಒಂದು ಚೂರೂ ಬಾಯಿಗೆ ಸಿಗಲಿಲ್ಲ. ತಟ್ಟೆಯಿಂದ ಲಕೋಟೆಯನ್ನು ಎರಡೂ ಕೈಯಿಂದ ಎತ್ತಿಕೊಂಡು, ಚಲೋ ಆಯಿತಕ್ಕಾ, ಮನಸ್ಸು ತುಂಬಿತು ಎಂದ. ಹಾಗೆ ಹೇಳುವಾಗ ಅದು ಪೂರಾ ಸುಳ್ಳೂ ಆಗಿರಲಿಲ್ಲ.

ಬಸ್ಸಿಗೆ ಹೊತ್ತಾಯಿತೆಂದು ಎದ್ದಾಗ ಗುರಮ್ಮ ಬಾಗಿಲವರೆಗೆ ಬಂದಳು.

“ತಮ್ಮಾ, ನಿನ್ನ ಅಂಗಡ್ಯಾಗ ಇಂಥಾ ಹಳೇ ಪ್ಲೇಟು ಇನ್ನೂ ಯಾವಾರ ಅದಾವೇನು? ನಾಗರ ಪಂಚಮಿಗೆ ಬರೂ ಮುಂದ ಎಲ್ಲಾ ಕಟ್ಟಿಕೊಂಡು ಬಾ. ಆ ಸಾಮಾನಿನಾಕಿ ಆವಾಗ ಮತ್ತ ಬರ್ತಾಳ. ನನಗ ಒಂದು ಸ್ಟೀಲ್ ಡಬ್ಬಿನೂ ಬೇಕಾಗೈತಿ.”

ತಮ್ಮನಾದವನು ಇನ್ನೇನು ಹೇಳಬಲ್ಲ. ಆತಕ್ಕಾ ಎಂದ.