ಬೆಳ್ಳಿಗೊಂದು ಸೀಮಂತ

ನಮ್ಮ ವಂಶದಲ್ಲಿ ಯಾರಿಗೂ ತಲೆ ಕೆಟ್ಟಿಲ್ಲ. ಎಲ್ಲರ ಪಾಲಿನದನ್ನೂ ನಮ್ಮ ಚಿಕ್ಕಪ್ಪ ಒಬ್ಬರೇ ವಹಿಸಿಕೊಂಡುಬಿಟ್ಟಿದ್ದಾರೆ! ನಂಬಿಕೆ ಬರದಿದ್ದರೆ ಕೆಂಗೇರಿಗೆ ಹೋಗಿ, ಕುದುರೆಗೆ ಸೀಮಂತ ಮಾಡಿದವರ ಮನೆ ಯಾವುದು ಅಂತ ಕೇಳಿ. ಆಟೋದವರು ನಗುನಗುತ್ತಾ ಬಾಗಿಲಿಗೇ ಬಿಟ್ಟು ಬರುತ್ತಾರೆ.

ಫ್ಯಾಕ್ಟರಿ ಕೆಲಸದಿಂದ ನಿವೃತ್ತರಾದ ಮೇಲೆ ಎಲ್ಲರಂತೆ ವಾಕಿಂಗ್ ಹೋಗಬಾರದೆ ಈ ಮನುಷ್ಯ? ಹೋದರು. ಬರುವಾಗ ಒಂದು ಬಿಳಿ ಹೆಣ್ಣು ಕುದುರೆಯನ್ನು ಹಿಡಿದುಕೊಂಡು ಬಂದರು! ಚಿಕ್ಕಮ್ಮ ಬಕೆಟ್ಟಿನಲ್ಲಿ ನೀರು ತಂದಿಟ್ಟರು. ಅವರಿಬ್ಬರಿಗೆ ಮಕ್ಕಳಿಲ್ಲ. ಕುದುರೆಗೆ ಬೆಳ್ಳಿ ಎಂದು ಹೆಸರಾಯಿತು, ಮದುವೆ ಮೆರವಣಿಗೆಗೆ ಬಾಡಿಗೆಗೂ ಹೋಗತೊಡಗಿತು. ರಾಜಾಜಿನಗರ, ವಿಜಯನಗರದ ಎಷ್ಟೋ ಮದುಮಗಂದಿರು ಅದರ ಬೆನ್ನ ಮೇಲೆ ಜೀವ ಕೈಯಲ್ಲಿ ಹಿಡಿದುಕೊಂಡೇ ಛತ್ರ ಸೇರಿದ್ದಾರೆ.

ಚಿಕ್ಕಪ್ಪನಿಗೆ ಇದ್ದದ್ದು ಒಂದೇ ಆಸೆ. ಬೆಳ್ಳಿ ಮರಿ ಹಾಕಬೇಕು.

“ಮನೇಲಿ ಒಂದು ಮರಿ ಕುಣೀತಾ ಓಡಾಡ್ಬೇಕು ಕಣೇ,” ಎಂದು ನನಗೆ ಹೇಳುವಾಗಲೂ ಅವರ ಕಣ್ಣು ಅಡುಗೆಮನೆಯ ಕಡೆಗೇ ಇರುತ್ತಿತ್ತು. ಬೆಳ್ಳಿಯೋ, ಬೆದೆಗೆ ಬಂದರೆ ಬಂತು, ಇಲ್ಲದಿದ್ದರೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. ಅಂತೂ ಗಂಡು ಕುದುರೆಯ ಹತ್ತಿರ ಕರೆದೊಯ್ದು ಬಂದರು. ಆಮೇಲೆ ನೋಡಬೇಕಿತ್ತು ಉಪಚಾರ! ಹುರುಳಿ, ಕಡಲೆ, ಬೆಲ್ಲ, ಮೆಂತ್ಯದ ಗಂಜಿ. ಹೊಟ್ಟೆ ಉಬ್ಬಿತು. ಗಬ್ಬ ಕಟ್ಟಿದೆ ಎಂದು ಚಿಕ್ಕಪ್ಪ ತೀರ್ಪು ಕೊಟ್ಟರು. “ಅಷ್ಟು ತಿಂದ್ರೆ ನನ್ನ ಹೊಟ್ಟೆನೂ ಉಬ್ಬುತ್ತೆ,” ಎಂದದ್ದಕ್ಕೆ ನನ್ನ ಜೊತೆ ಮಾತು ಬಿಟ್ಟರು. ಡಾಕ್ಟರಿಗೆ ತೋರಿಸೋಣವೆಂದರೆ, ದೃಷ್ಟಿಯಾಗುತ್ತದಂತೆ!

ಅದರ ನಡುವೆ ವಿಜಯನಗರದಲ್ಲೊಂದು ಮದುವೆ. ರಸ್ತೆ ಏರು ಬಂದದ್ದೇ ತಡ, ಚಿಕ್ಕಪ್ಪ ಬ್ಯಾಂಡ್ ನಿಲ್ಲಿಸಿ ಮದುಮಗನತ್ತ ಕೈ ಚಾಚಿದರು.

“ಸ್ವಲ್ಪ ಇಳೀರಿ ಸಾರ್.”

“ಯಾಕೆ ಅಂಕಲ್?”

“ನಮ್ಮ ಹುಡುಗಿ ಬಸುರಿ. ನೀವು ಗಟ್ಟಿಮುಟ್ಟಾಗಿದೀರಲ್ಲ, ನಡೀರಿ.”

ಮದುಮಗ ಪೇಟ ಸರಿಮಾಡಿಕೊಂಡು ನಡೆದ. ಪಕ್ಕದಲ್ಲಿ ಖಾಲಿ ಬೆನ್ನಿನ ಬೆಳ್ಳಿ ಗಂಭೀರವಾಗಿ ಹೆಜ್ಜೆ ಹಾಕಿತು. ಛತ್ರದ ಬಾಗಿಲಲ್ಲಿ ಹೆಣ್ಣಿನ ಕಡೆಯವರು ಗಲಿಬಿಲಿಗೊಂಡು ಮೊದಲ ಹಾರವನ್ನು ಕುದುರೆಗೇ ಹಾಕಿದರು!

ಸೀಮಂತದ ದಿನ ಬೀದಿಯ ಆಂಟಿಯರೆಲ್ಲ ಸೇರಿದರು. ಹಸಿರು ಗಾಜಿನ ಬಳೆಗಳು ಗೊರಸಿಗೆ ಹಿಡಿಸಲಿಲ್ಲವಾಗಿ ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿದ್ದಾಯಿತು. ಚಿಕ್ಕಮ್ಮ ಆರತಿ ತಟ್ಟೆ ಸಿದ್ಧಮಾಡಿ, ಅದನ್ನು ಪಕ್ಕದ ಮನೆಯಾಕೆಯ ಕೈಗೆ ಕೊಟ್ಟು ಹಿಂದೆ ಸರಿದರು. ನಮ್ಮ ಮನೆತನದ ಪ್ರತಿ ಸೀಮಂತದಲ್ಲೂ ಅವರ ಜಾಗ ಅದೇ, ಅಡುಗೆಮನೆಯ ಬಾಗಿಲು. ಯಾರೂ ಹೋಗು ಎನ್ನುವುದಿಲ್ಲ, ಬಾ ಎನ್ನುವುದೂ ಇಲ್ಲ.

“ಏ, ಮೊದಲು ನೀನು ಮಾಡು ಬಾರೇ,” ಎಂದರು ಚಿಕ್ಕಪ್ಪ.

“ಮಕ್ಕಳೊಂದಿಗರು ಮಾಡ್ಲಿ ಬಿಡ್ರೀ. ಅದಕ್ಕಾದ್ರೂ ಒಳ್ಳೇದಾಗ್ಲಿ.”

ಚಿಕ್ಕಪ್ಪನ ಮುಖ ಇಷ್ಟೇ ಇಷ್ಟಾಯಿತು.

ಊಟಕ್ಕೆ ಬಂದಿದ್ದ ಪಶುವೈದ್ಯೆ, ಇನ್ನೂ ಚಿಕ್ಕ ವಯಸ್ಸಿನವರು, ಹೋಳಿಗೆ ಮುಗಿಸಿ ಬೆಳ್ಳಿಯ ಹೊಟ್ಟೆ ಸವರಿ ನೋಡಿದರು.

“ಅಂಕಲ್, ಬೇಜಾರ್ ಮಾಡ್ಕೋಬೇಡಿ. ಇದು ಬರೀ ಹುರುಳಿ!”

ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆಗೆ ಹೋಯಿತು. ಫಲಿತಾಂಶ ಬಂದ ದಿನ ನಾನೂ ಅಲ್ಲಿದ್ದೆ. ಡಾಕ್ಟರು ಬಿಡಿಸಿ ಹೇಳಿದರು. ಹೆಣ್ಣು ಕುದುರೆಗೆ ಎಕ್ಸ್ ಕ್ರೋಮೋಸೋಮ್ ಎರಡಿರಬೇಕು, ಬೆಳ್ಳಿಗಿರುವುದು ಒಂದೇ. ಅದಕ್ಕೇ ಅಂಡಾಶಯ ಬೆಳೆದೇ ಇಲ್ಲ. ಇದಕ್ಕೆ ಔಷಧಿಯಿಲ್ಲ, ಮರಿಯಾಗುವುದಿಲ್ಲ.

“ನಾನು ಕೊಟ್ಟ ಮೇವಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ ಡಾಕ್ಟ್ರಮ್ಮ? ಮೆರವಣಿಗೆ ಪಟಾಕಿ ಸದ್ದಿಗೇನಾದ್ರೂ...?”

“ಇಲ್ಲ ಅಂಕಲ್. ತಾಯಿ ಹೊಟ್ಟೇಲಿದ್ದಾಗ್ಲೇ ಹಂಗಿತ್ತು.”

ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಮೆಲ್ಲಗೆ ಕೇಳಿದರು, “ಹಂಗಾದ್ರೆ ಅದರದ್ದೇನೂ ತಪ್ಪಿಲ್ಲ?”

“ಅದರದ್ದೇನು ತಪ್ಪು ಆಂಟಿ, ಪಾಪ!”

ಚಿಕ್ಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಸುದ್ದಿ ತಿಳಿದು ಕುದುರೆ ದಲ್ಲಾಳಿ ಬಂದೇಬಿಟ್ಟ. “ಇದನ್ನ ನಂಗೆ ಕೊಡಿ ಯಜಮಾನ್ರೇ, ಮರಿ ಹಾಕೋ ಕುದುರೆ ತಂದು ಕಟ್ತೀನಿ. ಬಂಜೆ ಕುದುರೆ ಇಟ್ಕೊಂಡು ಏನ್ ಮಾಡ್ತೀರ?”

ಅಡುಗೆಮನೆಯಲ್ಲಿ ಅಕ್ಕಿ ತೊಳೆಯುವ ಸದ್ದು ನಿಂತಿತು. ಮರಿಗಾಗಿ ಏನು ಬೇಕಾದರೂ ಮಾಡುವ ಮನುಷ್ಯ ಇವರು! ಹೂಂ ಅಂದುಬಿಟ್ಟರೆ?

ಚಿಕ್ಕಪ್ಪ ಎದ್ದು ನಿಂತರು. “ಆ ಮಾತು ನಮ್ಮನೇಲಿ ಆಡಂಗಿಲ್ಲ ಕಣಪ್ಪ. ಹೊರಡು.”

ಅವನು ಹೋದ ಮೇಲೆ ಬೆಳ್ಳಿಯ ಕೊರಳಿನ ದಾರ ಬಿಚ್ಚಿ, ಬಳೆಗಳನ್ನು ನೀರಲ್ಲಿ ತೊಳೆದು, ಅಡುಗೆಮನೆಯ ಬಾಗಿಲಿಗೆ ತಂದರು.

“ಕೈ ಕೊಡು.”

“ಏನ್ರೀ ಇದು, ಈ ವಯಸ್ಸಲ್ಲಿ...”

“ನಿಂಗೆ ಯಾರೂ ತೊಡಿಸ್ಲಿಲ್ಲ. ನಂಗೂ ಹೊಳೀಲಿಲ್ಲ. ಮರಿ ಬಂದ್ರೆ ಅದನ್ನ ಆಡಿಸೋಕಾದ್ರೂ ನೀನು ಈ ಬಾಗ್ಲು ಬಿಟ್ಟು ಈಚೆ ಬರ್ತೀಯ ಅನ್ಕೊಂಡಿದ್ದೆ ಕಣೇ.”

ಒಂದೊಂದೇ ಬಳೆ ಏರಿತು. “ಕುದುರೆ ವಾಸನೆ ಬರ್ತಿದೆ ರೀ,” ಎಂದು ಚಿಕ್ಕಮ್ಮ ಅಳುತ್ತಲೇ ನಕ್ಕರು. ನಾನಂತೂ ಬರೀ ಅತ್ತೆ.

ಮೊನ್ನೆ ನನ್ನ ತಂಗಿಯ ಸೀಮಂತವಾಯಿತು. ಮೊದಲ ಆರತಿಯನ್ನು ಚಿಕ್ಕಮ್ಮನೇ ಎತ್ತಿದರು, ಕೈತುಂಬ ಅವೇ ಹಸಿರು ಬಳೆ. ಯಾರಾದರೂ ಏನಾದರೂ ಅಂದುಬಿಟ್ಟಾರೆಂದು ಚಿಕ್ಕಪ್ಪ ಬೆಳ್ಳಿಯನ್ನು ಹಿಡಿದುಕೊಂಡು ಬಾಗಿಲಲ್ಲೇ ಕಾವಲು ನಿಂತಿದ್ದರು.