ಟೀ ಪುಡಿಯ ಫೋಟೋ ತೆಗೆಸಿದ್ದು

ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಒಂದೇ: ಯಾರು ಏನು ಹೇಳಿದರೂ ಸಾಕ್ಷಿ ಕೇಳು. ಈ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಐವತ್ತು ದಾಟಿದ ಮೇಲೆ ನನ್ನ ನೆನಪನ್ನೂ ಕಟಕಟೆಗೆ ಹತ್ತಿಸಿ ಪ್ರಶ್ನೆ ಕೇಳುತ್ತಿದ್ದೇನೆ. ಬಾಗಿಲಿಗೆ ಬೀಗ ಹಾಕಿದೆ ಎಂದು ನೆನಪು ಹೇಳುತ್ತದೆ. ನಾನು ಒಪ್ಪುವುದಿಲ್ಲ. ಮದ್ದೂರಿನಲ್ಲಿ ಹತ್ತಿದ ಬಸ್ಸಿನಿಂದ ಹತ್ತಿರದ ಕೊಪ್ಪದಲ್ಲೇ ಇಳಿದು ವಾಪಸು ಬರುತ್ತೇನೆ. ಬೀಗವೇನೋ ಹಾಕಿರುತ್ತದೆ, ಕೀಲಿ ಅದರಲ್ಲೇ ನೇತಾಡುತ್ತಿರುತ್ತದೆ.

ಇಂಥ ನಾನು ಹೋದ ತಿಂಗಳು ಒಂದು ದಿನ ನಮ್ಮ ಮನೆಯ ಟೀ ರುಚಿ ಬದಲಾಗಿದೆ ಎಂದು ಘೋಷಿಸಿದೆ. ಮೊದಲಿನ ಟೀ ಗಂಟಲಲ್ಲಿ ಸರಾಗವಾಗಿ ಇಳಿಯುತ್ತಿತ್ತು. ಇದು ಅಲ್ಲಲ್ಲಿ ನಿಂತು, ಯೋಚಿಸಿ ಇಳಿಯುತ್ತಿತ್ತು. ಅಗ್ಗದ ಪುಡಿ ತಂದೆಯಾ ಎಂದು ಹೆಂಡತಿ ಸವಿತಾಳನ್ನು ಕೇಳಿದೆ.

"ಅದೇ ಅಂಗ್ಡಿ, ಅದೇ ಪುಡಿ ಕಣ್ರೀ. ಬದ್ಲಾಗಿರೋದು ನಿಮ್ ನಾಲ್ಗೆ. ಬೆಳಿಗ್ಗೆ ತಿಂದದ್ದೇ ಗ್ಯಾಪ್ಕ ಇಲ್ಲ, ಓದ್ ತಿಂಗ್ಳು ಟೀ ಎಂಗಿತ್ತು ಅಂತ ಗ್ಯಾಪ್ಕ ಅದಾ?"

ಮಾತಿಗೆ ಮಾತು ಬೆಳೆದು ಪಂತವಾಯಿತು. ಪುಡಿ ಮೊದಲಿನದೇ ಆಗಿದ್ದರೆ ಇನ್ನು ಮೇಲೆ ಬೆಳಗಿನ ಟೀ ನನ್ನ ಕೆಲಸ. ಬದಲಾಗಿದ್ದರೆ ಅವಳು ಇನ್ನೆಂದೂ ನನ್ನ ನೆನಪಿನ ಸುದ್ದಿ ಎತ್ತಕೂಡದು.

ನನ್ನ ಜೊತೆ ಓದಿದ ಶಿವರಾಜು ಮಂಡ್ಯದ ಒಂದು ಪ್ರಯೋಗಾಲಯದಲ್ಲಿದ್ದಾನೆ. ಅಲ್ಲಿ ಟೀ ಎಲೆಯ ಗುಣಮಟ್ಟ ನೋಡುವ ಕ್ಯಾಮರಾ ಇದೆ. ಸುತ್ತ ಎಲ್ಲಿ ನೋಡಿದರೂ ಕಬ್ಬು, ಭತ್ತ. ಒಂದು ಟೀ ಗಿಡ ಇಲ್ಲ. ಆದರೂ ಕ್ಯಾಮರಾ ಬಂದಿದೆ. ನಮ್ಮ ಕಣ್ಣಿಗೆ ಬರೀ ಕಂದು ಬಣ್ಣ ಕಾಣುವ ಕಡೆ ಅದಕ್ಕೆ ನೂರಾರು ಬಣ್ಣ ಕಾಣುತ್ತವಂತೆ, ನಮ್ಮ ಕಣ್ಣಿಗೆ ಬೀಳದವೂ ಸೇರಿ. ಒಂದೊಂದು ವಸ್ತುವೂ ಬೆಳಕನ್ನು ತನ್ನದೇ ರೀತಿಯಲ್ಲಿ ಹಿಂದಕ್ಕೆ ಕಳಿಸುವುದರಿಂದ, ರುಚಿ ನೋಡದೆಯೇ ಎಲೆಯ ಜಾತಕ ಹೇಳಬಹುದಂತೆ. ನಾನು ಡಬ್ಬದ ಪುಡಿಯನ್ನೂ ಅಂಗಡಿಯಿಂದ ಆಗತಾನೇ ತಂದ ಒಡೆಯದ ಪೊಟ್ಟಣವನ್ನೂ ಒಯ್ದೆ.

ಶಿವರಾಜು ಎರಡನ್ನೂ ಕಪ್ಪು ತಟ್ಟೆಗಳಲ್ಲಿ ಹರವಿ, ದೀಪ ಹಾಕಿ, ಮದುವೆ ಫೋಟೋಗೆ ನಿಲ್ಲಿಸಿದವನಂತೆ ಅತ್ತಿತ್ತ ಸರಿಸಿದ. ಪೊಟ್ಟಣದ ಪುಡಿ ಪರದೆಯ ಮೇಲೆ ಎಲ್ಲ ಕಡೆ ಒಂದೇ ಸಮನಾಗಿ ಕೆಂಪಗೆ ಕಂಡಿತು. ಡಬ್ಬದ ಪುಡಿಗೆ ಮಾತ್ರ ಹಸಿರು ಚುಕ್ಕೆಯ ಸಿಡುಬು ಎದ್ದಿತ್ತು.

"ಅಸ್ರು ಇರೋದು ಟೀ ಅಲ್ಲ ಕಣ್ಲಾ. ಇಟ್ಟು ಇದ್ದಂಗದೆ," ಎಂದವನೇ ಕ್ಯಾಂಟೀನಿಗೆ ಹೋಗಿ ಒಂದು ಹಿಡಿ ರಾಗಿ ಹಿಟ್ಟು ತಂದು ಅದರ ಫೋಟೋವನ್ನೂ ತೆಗೆದ. ತಾಳೆಯಾಯಿತು.

ನನಗೆ ಹಿಗ್ಗೋ ಹಿಗ್ಗು. ಅಲ್ಲೇ ಸವಿತಾಗೆ ಫೋನು ಮಾಡಿ, ಶಿವರಾಜುವೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. "ನಮ್ಮ ಟೀ ಪುಡಿಯಲ್ಲಿ ರಾಗಿ ಹಿಟ್ಟಿದೆ! ವಿಜ್ಞಾನವೇ ಹೇಳಿದೆ!"

ಸವಿತಾ ಆ ಕಡೆಯಿಂದ ಮೆತ್ತಗೆ ಕೇಳಿದಳು: "ಅಂಗ್ಡಿ ಪೊಟ್ಣದಲ್ಲಿ?"

"ಅದರಲ್ಲಿ ಇಲ್ಲ."

"ನಾನು ಅಕ್ಕನ್ ಜೊತೆ ಮುತ್ತತ್ತಿಗೆ ಓಗಿದ್ ದಿನ ಮನೇಲಿ ಮುದ್ದೆ ತಿರುವ್ದೋರು ಯಾರು?"

"ನಾನೇ ಇರಬೇಕು."

"ಮಿಕ್ಕಿದ್ ಇಟ್ಟ ಯಾವ್ ಡಬ್ಬಕ್ಕೆ ಸುರುದ್ರಿ?"

ನಮ್ಮ ಅಡುಗೆಮನೆಯ ಸ್ಟೀಲಿನ ಡಬ್ಬಗಳೆಲ್ಲ ಅವಳಿ ಜವಳಿ, ಮೇಲೆ ಹೆಸರಿಲ್ಲ. ಯಾವುದಕ್ಕೆ ಸುರಿದೆನೋ ನೆನಪಿಲ್ಲ ಎಂದು ನಾನು ಹೇಳುವಂತಿರಲಿಲ್ಲ. ಪಂತವೇ ಅದರ ಮೇಲಿತ್ತು. ನೆನಪಿದೆ ಎನ್ನುವಂತೆಯೂ ಇರಲಿಲ್ಲ. "ರುಚಿ ಬದಲಾಗಿದ್ದು ನಿಜ ತಾನೇ? ಹಾಗಾದರೆ ಗೆದ್ದದ್ದು ನಾನು," ಎಂದೆ.

"ಬದ್ಲಾಗಿದೆ ಅಂತ ಗೆದ್ರಿ. ಬದ್ಲಾಯ್ಸಿದ್ದು ನೀವೇ ಅಂತ ಸೋತ್ರಿ. ಪುಡಿ ಮೊದ್ಲಿಂದೇ. ನಾಳೆಯಿಂದ ಟೀ ನಿಮ್ದು," ಎಂದು ಫೋನಿಟ್ಟಳು.

"ತಿಂಗ್ಳೆಲ್ಲಾ ಅಂಬ್ಲಿ ಕುಡ್ದಿದ್ದೀಯ, ಮೈಗೆ ತಂಪು ಬುಡ್ಲಾ," ಎಂದು ಶಿವರಾಜು ಸಮಾಧಾನ ಹೇಳಿದ.

ಈಗ ದಿನಾ ಬೆಳಿಗ್ಗೆ ಟೀ ಕಾಯಿಸುವವನು ನಾನೇ. ಸವಿತಾ ಜಗುಲಿಯಲ್ಲಿ ಕೂತು ಪೇಪರು ಓದುತ್ತಾ, ಒಂದು ಗುಟುಕು ಕುಡಿದು, "ನಿನ್ನೇದೇ ಚೆಂದಾಗಿತ್ತು ಕಣ್ರೀ" ಎನ್ನುತ್ತಾಳೆ. ಮೊನ್ನೆಯೂ ಹೀಗೇ ಅಂದಳೇನೋ. ನಿನ್ನೆಯ ಟೀ ಹೇಗಿತ್ತೆಂದು ನೆನಪಿಸಿಕೊಂಡು ವಾದಕ್ಕಿಳಿಯಲು ಬಾಯಿ ತೆರೆಯುತ್ತೇನೆ. ಏನೂ ಹೊಳೆಯುವುದಿಲ್ಲ. ಅವಳ ಲೋಟ ಎತ್ತಿಕೊಂಡು, ಇನ್ನೊಂದು ಸಲ ಕಾಯಿಸಲು ಒಳಗೆ ಹೋಗುತ್ತೇನೆ.