ಚಿಕ್ಕಬೀರಯ್ಯನವರು ಕಿತ್ತುಹಾಕಿದ ಡಿಎನ್‌ಎಸ್ ದಾಖಲೆಗಳು

"ಖೊಟ್ಟಿ ದಾಖಲೆ ನನ್ನ ಕಣ್ಣು ತಪ್ಪಿಸಿ ಬದುಕಿದ ಚರಿತ್ರೆಯೇ ಇಲ್ಲ!"

ಹೀಗೆಂದು ಕಾಫಿ ಲೋಟ ಕುಕ್ಕಿದವರು ಗುಬ್ಬಿಯ ಚಿಕ್ಕಬೀರಯ್ಯನವರು. ಇಪ್ಪತ್ತಾರು ವರ್ಷ ಪಹಣಿ ಜಾಲಾಡಿದ ಕಂದಾಯ ಗುಮಾಸ್ತರು. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ರಂಗಲಕ್ಷ್ಮಮ್ಮ ಹೇಳಿದರೂ ಸಾಕ್ಷಿ ಕೇಳುವ ಆಸಾಮಿ!

2006ರ ಆ ಭಾನುವಾರ ಅವರ ಕಣ್ಣಿಗೆ ಬಿದ್ದದ್ದು ಮಗಳು ಕೃತಿಕಾಳ ಕಂಪ್ಯೂಟರು. ಎಂಸಿಎ ಮುಗಿಸಿ ಮನೆಪಾಠ ಹೇಳುತ್ತಿದ್ದ ಅವಳು, ತುಮಕೂರಿನ ರವೀಶ್ ಎಂಬ ಹುಡುಗನಿಂದ ತನ್ನ ಹೆಸರಿನದೇ ವೆಬ್‌ಸೈಟು, ಈಮೇಲು ಮಾಡಿಸಿಕೊಂಡಿದ್ದಳು. ಕುಣಿಗಲ್ಲಿನ ಕಾಲೇಜೊಂದರ ಲೆಕ್ಚರರ್ ಹುದ್ದೆಯ ಆರ್ಡರು ಅದೇ ಈಮೇಲಿಗೆ ಬರಬೇಕಿತ್ತು. ಅವಳು ಸ್ನಾನಕ್ಕೆ ಹೋದಾಗ ಪರದೆಯ ಮೇಲೆ, ಆ ವೆಬ್‌ಸೈಟಿನ ವಿಳಾಸಗಳ ಲೆಕ್ಕವಿಡುವ 'ಡಿಎನ್‌ಎಸ್ ರೆಕಾರ್ಡ್ಸ್' ಎಂಬ ಪುಟ ತೆರೆದೇ ಇತ್ತು. ರೆಕಾರ್ಡು! ಚಿಕ್ಕಬೀರಯ್ಯನವರು ಕನ್ನಡಕ ಏರಿಸಿ ಕೂತರು.

ಮೊದಲ ಸಾಲು 'ಎ'. ಸೈಟಿನ ಹೆಸರು, ಎದುರಿಗೊಂದು ನಂಬರು. "ಸರ್ವೆ ನಂಬರು. ಸರಿಯಾಗೈತೆ."

ಎರಡನೆಯದು 'ಸಿನೇಮ್'. ಅದೇ ಸೈಟಿಗೆ ಇನ್ನೊಂದು ಹೆಸರು. "ಉರುಫ್ ಇಟ್ಕೊಂಡೋರೆಲ್ಲ ಕಳ್ರೇ!" ಅಳಿಸಿದರು.

ಮೂರನೆಯದು 'ಎಂಎಕ್ಸ್'. ಮಗಳಿಗೆ ಬರುವ ಮೇಲನ್ನೆಲ್ಲ ಯಾವುದೋ ಕಂಡರಿಯದ ವಿಳಾಸಕ್ಕೆ ತಲುಪಿಸಿ ಎಂದಿತ್ತು. ಅವರ ರಕ್ತ ಕುದಿಯಿತು.

"ನೋಡ್ಬಾರೇ! ಆ ರವೀಶ ನಮ್ಮ ಮಗಳ ಕಾಗದಾನೆಲ್ಲ ತನ್ ಕಡೆ ತಿರುಗಿಸ್ಕೊಂಡವ್ನೆ!"

"ಅವ್ಳನ್ನೇ ಒಂದ್ಮಾತು ಕೇಳಿ," ಎಂದರು ರಂಗಲಕ್ಷ್ಮಮ್ಮ.

"ಒತ್ತುವರಿ ಕಂಡ್ಮೇಲೆ ಕೇಳೋದೇನೇ? ಕಿತ್ತಾಕೋದೇ!"

ಕಿತ್ತರು. ಕೊನೆಯಲ್ಲಿ 'ಟಿಎಕ್ಸ್‌ಟಿ' ಎಂದೊಂದು ಷರಾ ಇತ್ತು. ಸಹಿಯಿಲ್ಲ, ಮೊಹರಿಲ್ಲ. ಅದಕ್ಕೂ ಮೋಕ್ಷ ಕೊಟ್ಟು, ಮಗಳ ಮುಂದೆ ಚಕಾರವೆತ್ತದೆ ಎದ್ದುಹೋದರು.

ಗುರುವಾರವಾದರೂ ಆರ್ಡರು ಬರಲಿಲ್ಲ. ಕೃತಿಕಾಳ ಕಣ್ಣಲ್ಲಿ ನೀರು. "ಸೋಮವಾರ ಕಾಲೇಜ್ ಶುರು ಅಪ್ಪ. ಫೋನ್ ಮಾಡಿ ಕೇಳ್ಲಾ?"

"ಮಾಡ್ಬೇಡ! ಲಂಚಕ್ಕೆ ತಡೆ ಹಿಡಿದವ್ರೆ. ಕೇಳಿದಷ್ಟೂ ರೇಟ್ ಏರುತ್ತೆ. ನಾನೇ ಹೋಗಿ ಬಯಲಿಗೆಳೀತೀನಿ, ಬುಡು!"

ಮರುದಿನವೇ ಕುಣಿಗಲ್ ಬಸ್ಸು ಹತ್ತಿದರು. ಪ್ರಿನ್ಸಿಪಾಲರಾದ ವನಜಾಕ್ಷಿಯವರ ಮೇಜು ಕುಟ್ಟಿ, "ನಮ್ ಕೃತಿಕಾನ ಆರ್ಡರಿಗೆ ಎಷ್ಟ್ ಬೇಕು, ನೇರವಾಗಿ ಹೇಳ್ಬುಡಿ ಮೇಡಂ!" ಎಂದು ಗುಡುಗಿದರು.

ಆಕೆ ಕಂಪ್ಯೂಟರನ್ನು ಇವರತ್ತ ತಿರುಗಿಸಿದರು. "ಮೂರು ಸಲ ಆರ್ಡರ್ ಕಳಿಸಿದೀವಿ. ಮೂರು ಸಲಾನೂ ವಾಪಸ್ ಬಂದಿದೆ. ಕೆಲ್ಸ ಬೇಡ ಅಂತ ತಪ್ಪು ವಿಳಾಸ ಕೊಟ್ಟಿದಾರೆ ಅಂದ್ಕೊಂಡ್ವಿ. ಇವತ್ತು ಸಾಯಂಕಾಲ ಇನ್ನೊಬ್ರಿಗೆ ಹೋಗ್ತಿತ್ತು ಈ ಪೋಸ್ಟು."

"ವಾಪಸ್ಸಾ? ಯಾಕೆ?"

"ಮೇಲ್ ಎಲ್ಲಿಗೆ ತಲುಪಿಸ್ಬೇಕು ಅಂತ ಹೇಳೋದೇ ಎಂಎಕ್ಸ್ ರೆಕಾರ್ಡು. ನಿಮ್ಮ ಮಗಳ ಸೈಟಲ್ಲಿ ಅದೇ ಇಲ್ಲ ಅಂತ ಇಲ್ಲಿ ಬಂದಿದೆ ನೋಡಿ. ಯಾರೋ ಅಳಿಸಿರ್ಬೇಕು."

ಚಿಕ್ಕಬೀರಯ್ಯನವರು ಮೇಜಿನ ಮೇಲಿಂದ ಕೈ ತೆಗೆದರು. "ಯಾರು ಅಂತ... ಗೊತ್ತಾಗುತ್ತಾ ಮೇಡಂ?" ಎಂದು ಮೆಲ್ಲಗೆ ವಿಚಾರಿಸಿದರು.

ವನಜಾಕ್ಷಿಯವರು ಅಚ್ಚುಹಾಕಿ ಕೊಟ್ಟ ಆರ್ಡರಿನ ಪ್ರತಿಯನ್ನು ಎದೆಗವಚಿಕೊಂಡು ಊರಿಗೆ ಬಂದು ತಪ್ಪೊಪ್ಪಿಕೊಂಡರು. ಮಗಳು ಎರಡು ದಿನ ಮಾತು ಬಿಟ್ಟಳು. ರಂಗಲಕ್ಷ್ಮಮ್ಮ ಮಾತ್ರ ಎರಡು ದಿನವೂ ಮಾತು ನಿಲ್ಲಿಸಲಿಲ್ಲ!

ಸೋಮವಾರ, ಹೊಸ ಮೇಡಮ್ಮನ್ನು ಹುಡುಗರು ಗೋಳುಹೊಯ್ದುಕೊಂಡಾರು ಎಂಬ ಅನುಮಾನದಿಂದ ಅಪ್ಪನೂ ಹಿಂದೆಯೇ ಹೋದರು. ತರಗತಿಯ ಕಿಟಕಿಗೆ ಕಿವಿ ಹಚ್ಚಿ ನಿಂತರು. ಒಳಗೆ ಡಿಎನ್‌ಎಸ್ ಪಾಠ ನಡೆದಿತ್ತು.

"ಎ ಅಂದ್ರೆ ಹೆಸರಿಗೊಂದು ನಂಬರು. ಸಿನೇಮ್ ಅಂದ್ರೆ ಅಡ್ಡಹೆಸರು, ಅದೇನೂ ಕಳ್ಳತನ ಅಲ್ಲ. ಟಿಎಕ್ಸ್‌ಟಿ ಷರಾ ಇದ್ದಂಗೆ. ಎಂಎಕ್ಸ್ ಇಲ್ದಿದ್ರೆ ಮೇಲಿಗೆ ದಾರೀನೇ ಗೊತ್ತಾಗಲ್ಲ."

ಒಬ್ಬಳು ಎದ್ದು ಕೇಳಿದಳು: "ಮೇಡಂ, ಅದನ್ನ ಬೇಕೂಂತ ಅಳಿಸೋವಂಥ ದಡ್ರು ಯಾರಾದ್ರೂ ಇರ್ತಾರಾ?"

ಕೃತಿಕಾ ಸೀಮೆಸುಣ್ಣ ಕೆಳಗಿಟ್ಟಳು. "ದಡ್ರಲ್ಲಮ್ಮ, ಅನುಮಾನದೋರು. ಅಗೋ, ಕಿಟಕಿ ಹತ್ರ ನಿಂತವ್ರಲ್ಲ, ನಮ್ಮಪ್ಪ. ಎಲ್ರೂ ನಮಸ್ಕಾರ ಹೇಳಿ!"